ಕಿರೀಟದ ಎಂಟು ಮುತ್ತು

ವಯಲ್ಲಾ
5 ಫೆಬ್ರವರಿ 1974

ಪ್ರೀತಿಯ ಅಪ್ಪ,

ನಾನೀಗ ಮಿಸೆಸ್ ಡಾರಿಲ್ ಹಾಕಿಂಗ್! ಹಾಲಿನವನಿಗೆ ಚೀಟಿ ಇಡುವಾಗಲೂ ಪೂರ್ತಿ ಹೆಸರು ಬರೆಯುತ್ತೇನೆ. ನಿನ್ನೆ ಅವನು ಬಾಗಿಲು ತಟ್ಟಿ, "ಒಂದು ಬಾಟ್ಲಿ ಹಾಲಿಗೆ ಇಷ್ಟುದ್ದ ಸಹಿ ಯಾಕಮ್ಮಾ?" ಎಂದು ಕೇಳಿದ. ಹತ್ತು ದಿನದ ಮದುಮಗಳು ಎಂದೆ. "ಹಂಗಾದ್ರೆ ಇನ್ನೊಂದು ತಿಂಗಳು ಸಹಿಸ್ಕೋತೀನಿ" ಎಂದು ಹೋದ.

ಮನೆ ಪುಟ್ಟದು, ಮುದ್ದಾದದ್ದು! ಅಡುಗೆಮನೆಯ ಕಿಟಕಿಯಿಂದ ಡಾರಿಲ್ ಬೆಸುಗೆ ಹಾಕುವ ಹಡಗಿನ ಮೂತಿ ಕಾಣುತ್ತದೆ. ಈ ಊರಿನ ಕೆಂಪು ಧೂಳಿಗೆ ನನ್ನ ಬಿಳಿ ಹಾಸಿಗೆಬಟ್ಟೆ ಒಂದೇ ಒಗೆತಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿದೆ. ಅಮ್ಮನ ಹಾಗೆ ಮಾಂಸ, ಆಲೂಗಡ್ಡೆ ತುಂಬಿ ಪಾಸ್ಟಿ ಮಾಡಿದೆ. ಡಾರಿಲ್ ಒಂದು ತುಂಡು ಕಚ್ಚಿ, "ರೇ, ಇದನ್ನ ಹಡಗಿನ ತಳಕ್ಕೆ ಬಡೀಬೋದು ಕಣೇ, ಸಮುದ್ರದ ನೀರು ಒಂದು ಹನಿ ಒಳಗೆ ಬರಲ್ಲ" ಎಂದ. ಆದರೂ ಮೂರು ತಿಂದ!

ನೀನು ಕೊಟ್ಟ ಉಡುಗೊರೆ, ಆ ಮೂವತ್ಮೂರನೇ ಇಸವಿಯ ಷಿಲ್ಲಿಂಗ್, ಕನ್ನಡಿಯ ಪಕ್ಕ ಇದೆ. ಅದರ ಮುಂದೆ ಡಾರಿಲ್‌ನನ್ನು ಕೂರಿಸಿಕೊಂಡು ಪಾಠ ಮಾಡಿದೆ. ರಾಜನ ಕಿರೀಟದ ಪಟ್ಟಿ ನೋಡು, ನಡುವೆ ವಜ್ರ, ಸಾಲಾಗಿ ಎಂಟು ಮುತ್ತು. ನಾಣ್ಯ ಕೈಯಿಂದ ಕೈಗೆ ಹೋದಂತೆ ಮೊದಲು ಸವೆಯುವುದು ಅವೇ. ಎಷ್ಟು ಮುತ್ತು ಉಳಿದಿದೆಯೋ ಅದರ ಮೇಲೆ ದರ್ಜೆ. ದರ್ಜೆ ಗೊತ್ತಾದರೆ ಬೆಲೆ ಪುಸ್ತಕದಲ್ಲಿ ಯಾವ ಕಾಲಂ ನೋಡಬೇಕು ಎಂದು ಗೊತ್ತಾಗುತ್ತದೆ. "ಅಂದ್ರೆ ಸಾಸಿವೆಗಿಂತ ಸಣ್ಣ ಎರಡು ಚುಕ್ಕೆ ಹೆಚ್ಚಾದ್ರೆ ಬೆಲೆ ಎಷ್ಟೋ ಪಟ್ಟು? ನಿಮ್ಮಪ್ಪನ ಕಡೆಯೋರಿಗೆ ತಲೆ ಸರಿ ಇದ್ಯಾ?" ಎಂದು ಕೇಳಿದ. ಇಲ್ಲ ಎಂದೆ.

ಆದರೆ ಕಳ್ಳ ಅಪ್ಪ! ನಾಣ್ಯದ ಜೊತೆಯ ದರ್ಜೆ ಕಾರ್ಡಿನಲ್ಲಿ ನಿನ್ನ ಕೈಯಲ್ಲೇ 'ಆರು ಮುತ್ತು' ಎಂದು ಬರೆದು 'ಹೆಚ್.ಟಿ.' ಎಂದು ಸಹಿ ಹಾಕಿದ್ದೀಯ. ನಾನು ಎಣಿಸಿದರೆ ನಾಲ್ಕೇ. ಮೂವತ್ತು ವರ್ಷ ಇಡೀ ಊರಿನ ನಾಣ್ಯಕ್ಕೆ ದರ್ಜೆ ಹಾಕಿದವನು, ಅಡಿಲೇಡಿನ ವ್ಯಾಪಾರಿಗಳು ಪೊಟ್ಟಣ ಬಿಚ್ಚದೆ ಯಾರ ಕಾರ್ಡು ನಂಬಿ ದುಡ್ಡು ಕೊಡುತ್ತಾರೋ ಅವನು, ಮಗಳ ಮದುವೆಗೆ ಎರಡು ಮುತ್ತು ಸೇರಿಸಿದನೇ! ನನಗೆ ತೋರಿಸದೆ ಕದ್ದು ದರ್ಜೆ ಹಾಕಿದರೆ ಹೀಗೇ ಆಗುವುದು.

ಸಂಜೆ ಚಹಾ ಆದ ಮೇಲೆ ಮೇಜಿನ ಆ ಕಡೆಯಿಂದ ಭೂತಗನ್ನಡಿ ನನ್ನತ್ತ ತಳ್ಳಿ, "ಎಷ್ಟು, ಹುಡುಗೀ?" ಎಂದು ಕೇಳುತ್ತಿದ್ದೆಯಲ್ಲ, ಅದು ಬಹಳ ನೆನಪಾಗುತ್ತದೆ.

ಮುತ್ತಿನ ಮೇಲೆ ಮುತ್ತು,
ರೇಲೀನ್ (ಮಿಸೆಸ್ ಡಾರಿಲ್ ಹಾಕಿಂಗ್!!)


ಮೂಂಟಾ
11 ಫೆಬ್ರವರಿ

ರೇಲೀನ್,

ನಿನ್ನ ಪತ್ರ ತಲುಪಿತು. ಷಿಲ್ಲಿಂಗಿಗೆ ಆರು ಮುತ್ತು. ನಿನ್ನ ಕಿಟಕಿಯ ಬೆಳಕು ಸರಿ ಇರಲಿಕ್ಕಿಲ್ಲ. ನಾಣ್ಯವನ್ನು ಓರೆಯಾಗಿ ಹಿಡಿದು ನೋಡು ಎಂದು ಎಷ್ಟು ಸಲ ಹೇಳಿಲ್ಲ.

ಐವಿ ಪೆನ್‌ಬರ್ಥಿ ಬಂದಿದ್ದಳು. ಅವಳ ಗಂಡ ಸ್ಟ್ಯಾನ್ ತೀರಿಕೊಂಡು ವರ್ಷವಾಯಿತು. ಅವನ ಇಪ್ಪತ್ತೈದನೇ ಇಸವಿಯ ಪೆನ್ನಿ ಮಾರಿ ಇಂಗ್ಲೆಂಡಿನ ಕಾರ್ನ್‌ವಾಲ್‌ಗೆ ಹೋಗಿ ಅಕ್ಕನನ್ನು ನೋಡಿಬರುತ್ತಾಳಂತೆ. ನಲವತ್ತೊಂದು ವರ್ಷವಾಯಿತು ಅವರಿಬ್ಬರು ಮುಖ ನೋಡಿ. ದರ್ಜೆ ಹಾಕಿಕೊಡು ಎಂದು ಪೆನ್ನಿ ಬಿಟ್ಟುಹೋಗಿದ್ದಾಳೆ.

ಡಾರಿಲ್‌ಗೆ ಹೇಳು, ನಮ್ಮ ತಲೆ ಸರಿ ಇದೆ.

ಅಪ್ಪ


ವಯಲ್ಲಾ
24 ಫೆಬ್ರವರಿ

ಪ್ರೀತಿಯ ಅಪ್ಪ,

ನಿನ್ನ ಅಕ್ಷರಗಳು ಈ ಸಲ ಗುಡ್ಡ ಹತ್ತಿವೆ! ಸಾಲಿನ ಕೊನೆಗೆ ಬಂದಾಗ 'ಡಾರಿಲ್' ಕಾಗದದಿಂದಲೇ ಹಾರಿಬೀಳುವಂತಿದ್ದ. ಕುರ್ಚಿಯಲ್ಲಿ ಒರಗಿಕೊಂಡು ಬರೆದೆಯಾ?

ಇಲ್ಲಿಯೂ ಒಂದು ನಾಣ್ಯ ಸಂಘ ಇದೆ ಎಂದು ಗೊತ್ತಾಗಿ ಕುಣಿದಾಡಿಬಿಟ್ಟೆ. ಶನಿವಾರ ಮಧ್ಯಾಹ್ನ ಡಾರಿಲ್ ಷಿಲ್ಲಿಂಗನ್ನು ಜೇಬಿಗೆ ಹಾಕಿಕೊಂಡು, "ಟ್ರೆವಿನ್ ಅಳಿಯ ಅಂದ್ರೆ ಸುಮ್ನೇನಾ" ಎಂದು ಎದೆ ಸೆಟೆಸಿ ಹೊರಟ. ನಾನು ಲ್ಯಾಮಿಂಗ್‌ಟನ್ ಕೇಕು ಹೊತ್ತುಕೊಂಡು ಹಿಂದೆ.

ಸಂಘದ ಕಾರ್ಯದರ್ಶಿ ಒಬ್ಬ ದಪ್ಪ ಮನುಷ್ಯ, ಮಿಸ್ಟರ್ ಕ್ರೋಗರ್. ಕಾರ್ಡು ನೋಡಿದ್ದೇ ತಡ, "ಓಹೋ, ಹೆಚ್.ಟಿ.! ಕಾರ್ಡಿಗೇ ಫ್ರೇಮು ಹಾಕಿಸ್ಬೇಕು" ಎಂದ. ಆಮೇಲೆ ಕನ್ನಡಿ ಹಿಡಿದು ನೋಡಿದ. ಮತ್ತೆ ನೋಡಿದ. ಪಕ್ಕದವನಿಗೆ ಕೊಟ್ಟ. ಅವನು ಎಣಿಸಿ ಹೇಳಿದ:

"ಆರಾ? ಮಿಕ್ಕೆರಡು ರಾಜ ಟೋಪಿ ತೆಗೆದಾಗ ಉದುರಿಬಿಟ್ವೇನೋ!"

ಎಲ್ಲರೂ ನಕ್ಕರು. ಡಾರಿಲ್‌ಗೆ ಕಿವಿಯೆಲ್ಲ ಕೆಂಪಾಯಿತು. "ನಮ್ಮ ಮಾವನ ಕಾರ್ಡ್ ಸ್ವಾಮಿ ಅದು" ಎಂದ. ಕ್ರೋಗರ್, "ಅದಕ್ಕೇ ನಗ್ತಾ ಇದೀವಿ ಮಾರಾಯ, ಬೇರೆಯೋರ ಕಾರ್ಡಾಗಿದ್ರೆ ನೋಡ್ತಾನೇ ಇರ್ಲಿಲ್ಲ" ಎಂದ.

ನಾನು ಸುಳ್ಳು ಹೇಳಿದೆ ಅಪ್ಪ. ಮದುವೆಯ ಗಡಿಬಿಡಿಯಲ್ಲಿ ಕಾರ್ಡು ಅದಲುಬದಲಾಯಿತು ಎಂದೆ.  ಮನೆ ಬಾಗಿಲಲ್ಲಿ ಡಾರಿಲ್ ಕೇಳಿದ, "ಅದಲುಬದಲಾಗಿದ್ದು ನಿಜಾನಾ?"

ನಿಜವಾ, ಅಪ್ಪ? ಹೌದು ಎಂದರೆ ಸಾಕು, ನಾನು ನಂಬುತ್ತೇನೆ.

ಪ್ರೀತಿಯಿಂದ,
ರೇ


ಮೂಂಟಾ
4 ಮಾರ್ಚ್

ರೇಲೀನ್,

ಉಡುಗೊರೆ ಕೊಟ್ಟದ್ದು ಮನೆಯಲ್ಲಿಡಲಿಕ್ಕೆ, ಊರೆಲ್ಲ ಮೆರವಣಿಗೆ ಮಾಡಲಿಕ್ಕಲ್ಲ.

ಟೊಮೇಟೊ ಚೆನ್ನಾಗಿ ಬಂದಿದೆ. ಕೊಲ್ಲಿಯಲ್ಲಿ ಏಡಿ ಕಡಿಮೆ. ನಾನು ಹೋಗಲಿಲ್ಲ, ಹೋದವರು ಹೇಳಿದರು.

ಸ್ಟ್ಯಾನ್‌ನ ಪೆನ್ನಿಗೆ ಕಾರ್ಡು ಬರೆದು ಐವಿಗೆ ಕೊಟ್ಟೆ. ಐದು ಮುತ್ತು. ನನ್ನ ನೆನಪಿನಲ್ಲಿ ಅದು ಇನ್ನೂ ಚೆನ್ನಾಗಿತ್ತು. ಆದರೆ ನೆನಪಿನಿಂದ ದರ್ಜೆ ಹಾಕುವವನು ನಾನಲ್ಲ. ಎದುರಿಗೆ ಏನಿದೆಯೋ ಅದನ್ನು ಬರೆಯುತ್ತೇನೆ. ಪಾಪ, ಅವಳ ಮುಖ ಇಳಿದುಹೋಯಿತು. ಆ ಕಾಲಂನ ಬೆಲೆಗೆ ಹಡಗಿನ ಅರ್ಧ ದಾರಿಯೂ ಸಾಗುವುದಿಲ್ಲ. ಇದ್ದದ್ದಕ್ಕೆ ಕೊಡುತ್ತೇನೆ ಹೆಡ್ಲಿ, ಇನ್ನೇನು ಮಾಡಲಿ ಎಂದಳು. ಅಡಿಲೇಡಿನ ಲಾಫ್ಟಸ್ 30ನೇ ತಾರೀಕು ಶನಿವಾರ ಬಂದು ಒಯ್ಯುತ್ತಾನೆ.

ಅಪ್ಪ


ವಯಲ್ಲಾ
8 ಮಾರ್ಚ್

ಅಪ್ಪ,

ನಿನ್ನ ಪತ್ರ ಓದಿದ ಮೇಲೆ ಸ್ಟವ್ ಆರಿಸಿ ಬರೆಯಲು ಕೂತೆ.

ಆಗ ನನಗೆ ಹನ್ನೆರಡು ವರ್ಷ. ಒಂದು ಭಾನುವಾರ ಸ್ಟ್ಯಾನ್ ಅಂಕಲ್ ಆ ಪೆನ್ನಿಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ತಂದಿದ್ದರು. ಎಲ್ಲರೂ ಮೂವತ್ತನೇ ಇಸವಿಯ ಪೆನ್ನಿಗೆ ಬಾಯಿಬಿಡುತ್ತಾರೆ, ಇಪ್ಪತ್ತೈದರದು ಇಷ್ಟು ಚೆನ್ನಾಗಿ ಸಿಗುವುದು ಎಷ್ಟು ಕಷ್ಟ ಎಂದು ತಿಳಿದವರಿಗೆ ಮಾತ್ರ ಗೊತ್ತು ಎಂದಿದ್ದೆ ನೀನು. ನಾನು ಎಣಿಸಿದೆ. ಎಂಟು. ವಜ್ರದ ನಾಲ್ಕು ಅಂಚೂ ಚೂಪು. ನೀನು ನನ್ನ ಕೈಯಿಂದ ಕನ್ನಡಿ ತೆಗೆದುಕೊಂಡು ಎಣಿಸಿ, "ಈ ಹುಡುಗಿ ಸರಿಯಾಗೇ ಹೇಳಿದ್ಲು ಸ್ಟ್ಯಾನ್" ಎಂದೆ. ಅವರು ನನಗೆ ಆರು ಪೆನ್ಸ್ ಕೊಟ್ಟರು.

ಅಂದಿನಿಂದ ಆ ಪೆನ್ನಿ ಐವಿ ಆಂಟಿಯ ಡ್ರಾಯರ್‌ನಲ್ಲೇ ಇದೆ. ಡ್ರಾಯರ್‌ನಲ್ಲಿ ಇದ್ದ ನಾಣ್ಯ ಸವೆಯುವುದಿಲ್ಲ, ಅಪ್ಪ. ಇದನ್ನು ನನಗೆ ಕಲಿಸಿದವನು ನೀನು.

ಷಿಲ್ಲಿಂಗಿನಲ್ಲಿ ಎರಡು ಹೆಚ್ಚು. ಪೆನ್ನಿಯಲ್ಲಿ ಮೂರು ಕಡಿಮೆ. ನಿನ್ನ ಸಾಲುಗಳು ಗುಡ್ಡ ಹತ್ತುತ್ತಿವೆ. ಏಡಿಗೆ ಹೋಗಲಿಲ್ಲ ಎನ್ನುತ್ತೀಯ. ಏಡಿಗೆ ಹೋಗದ ಒಂದು ಬೇಸಿಗೆ ನಿನ್ನ ಜೀವನದಲ್ಲಿ ಇದೆಯಾ?

ನಿನ್ನ ಕಣ್ಣಿಗೆ ಏನಾಗಿದೆ?

ರೇಲೀನ್


ಮೂಂಟಾ
13 ಮಾರ್ಚ್ (ಅಂಚೆ ಕಾರ್ಡು)

ಟೊಮೇಟೊ ಚಟ್ನಿ ಹಾಕಿದೆ, ಹನ್ನೊಂದು ಬಾಟಲಿ. ಈಸ್ಟರ್‌ಗೆ ಬಂದಾಗ ನಾಲ್ಕು ತಗೊಂಡು ಹೋಗಿ. ಇಲ್ಲಿ ಸೆಖೆ. ಅಪ್ಪ.


ವಯಲ್ಲಾ
17 ಮಾರ್ಚ್

ಅಪ್ಪ,

ನಿನ್ನ ಪಕ್ಕದ ಮನೆಯ ಫೋನಿಗೆ ಎರಡು ಸಲ ಮಾಡಿದೆ. ನೀನು ತೋಟದಲ್ಲಿದ್ದೆಯಂತೆ, ಕೈಯೆಲ್ಲ ಮಣ್ಣಂತೆ, ಬರುವುದಿಲ್ಲ ಎಂದೆಯಂತೆ.

ಲಾಫ್ಟಸ್‌ಗೆ ಕಣ್ಣು ಚೆನ್ನಾಗಿದೆ. ಅವನು ಕಾರ್ಡಿನಲ್ಲಿ ಬರೆದ ಐದಕ್ಕೆ ದುಡ್ಡು ಎಣಿಸಿಕೊಟ್ಟು, ಕಾರಿನಲ್ಲಿ ಕೂತು ಪೊಟ್ಟಣ ಬಿಚ್ಚಿ ಎಂಟು ಎಣಿಸುತ್ತಾನೆ. ಐವಿ ಆಂಟಿಗೆ ಎಪ್ಪತ್ತು ತುಂಬಿತು. ಸ್ಟ್ಯಾನ್ ಅಂಕಲ್ ಬಿಟ್ಟುಹೋದಂಥ ಪೆನ್ನಿ ಇನ್ನೊಂದು ಅವರಿಗೆ ಎಲ್ಲಿಂದ ಬರಬೇಕು? ಆ ಅಕ್ಕ ಎಷ್ಟು ದಿನ ಕಾಯುತ್ತಾಳೆ?

ಒಂದು ಮಾತು ಹೇಳಿಬಿಡು ಅವರಿಗೆ: ಬೇರೆಯವರಿಂದ ಇನ್ನೊಮ್ಮೆ ನೋಡಿಸು, ಅಷ್ಟೇ. ಕಾರಣ ಹೇಳಬೇಡ. 30ರ ಒಳಗೆ ನೀನು ಹೇಳದಿದ್ದರೆ ನಾನೇ ಅವರಿಗೆ ಬರೆಯುತ್ತೇನೆ.

ಕೋಪ ಮಾಡಿಕೊ, ಪರವಾಗಿಲ್ಲ. ಟೊಮೇಟೊ ಬಗ್ಗೆ ಮಾತ್ರ ಬರೆಯಬೇಡ.

ರೇಲೀನ್


ಮೂಂಟಾ
21 ಮಾರ್ಚ್

ರೇಲೀನ್,

ನೀನು ಹುಟ್ಟುವ ಮೊದಲಿನಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ. ಗಣಿ ಮುಚ್ಚಿದ ಊರು ಇದು. ಇಲ್ಲಿ ಒಬ್ಬ ಮನುಷ್ಯನ ಹತ್ತಿರ ಅವನ ಮಾತು ಬಿಟ್ಟರೆ ಬೇರೆ ಏನೂ ಇರುವುದಿಲ್ಲ. ಬೇರೆಯವರಿಂದ ನೋಡಿಸು ಎಂದು ನಾನೇ ಹೇಳಿದರೆ ಮರುದಿನದಿಂದ ನನ್ನ ಅಡುಗೆಮನೆಗೆ ಯಾರು ಬರುತ್ತಾರೆ? ನಿನ್ನ ಅಮ್ಮ ಹೋದಳು. ನೀನು ಹೋದೆ. ಬಾಗಿಲು ತಟ್ಟುವವರು ಆ ನಾಣ್ಯದವರು ಮಾತ್ರ.

ನೀನು ಐವಿಗೆ ಬರೆಯಕೂಡದು. ಬರೆದರೆ ಈಸ್ಟರ್‌ಗೆ ಬರುವುದು ಬೇಡ.

ಹೆಚ್. ಟ್ರೆವಿನ್


ವಯಲ್ಲಾ
24 ಮಾರ್ಚ್

ಅಪ್ಪ,

ನನಗೆ ಬರೆದ ಪತ್ರಕ್ಕೂ 'ಹೆಚ್. ಟ್ರೆವಿನ್' ಎಂದು ಸಹಿ ಹಾಕಿದ್ದೀಯ. ಅದನ್ನೇ ನೋಡುತ್ತ ಕೂತಿದ್ದೆ. ಡಾರಿಲ್ ಊಟದ ಡಬ್ಬಿ ತೊಳೆಯುತ್ತಿದ್ದ.

"ಬರೀಬೇಡ ರೇ. ಒಂದು ಪೆನ್ನಿಗೋಸ್ಕರ ಅಪ್ಪನ್ನ ಕಳ್ಕೋತೀಯಾ?"

"ಐವಿ ಆಂಟಿ ನಂಗೆ ಮೊದಲ ಬಟ್ಟೆ ಹೊಲಿದುಕೊಟ್ಟೋರು ಕಣೋ."

"ಹಂಗಾದ್ರೆ ಬರಿ."

"ಅಪ್ಪ ಅಲ್ಲಿ ಒಬ್ಬನೇ ಇದಾನೆ."

"ಹಂಗಾದ್ರೆ ಬರೀಬೇಡ. ನನ್ನ ಕೇಳಿ ಏನ್ ಪ್ರಯೋಜ್ನ, ನಂಗೆ ಬೆಸುಗೆ ಹಾಕೋದು ಬಿಟ್ರೆ ಏನ್ ಬರುತ್ತೆ?" ಎಂದು ಡಬ್ಬಿಯನ್ನು ಮತ್ತೆ ತೊಳೆಯತೊಡಗಿದ. ಮದುವೆಯಾದ ಮೇಲೆ ನಾವು ಮೊದಲ ಸಲ ಬೇರೆ ಬೇರೆ ಮೂಲೆಯಲ್ಲಿ ಕೂತು ಊಟ ಮಾಡಿದೆವು.

ಐವಿ ಆಂಟಿಗೆ ಪತ್ರ ಬರೆದಾಯಿತು. ಅಂಚೆಚೀಟಿಯೂ ಅಂಟಿಸಿದ್ದೇನೆ. ನಾಳೆ ಸೋಮವಾರ, ಡಾರಿಲ್ ಕೆಲಸಕ್ಕೆ ಹೋಗುವಾಗ ಪೆಟ್ಟಿಗೆಗೆ ಹಾಕುತ್ತಾನೆ. ಬುಧವಾರ ಅವರ ಕೈಗೆ ತಲುಪುತ್ತದೆ. ಈ ಪತ್ರವೂ ಬುಧವಾರವೇ ನಿನ್ನ ಕೈಗೆ ಬರುತ್ತದೆ. ಅವರ ಮನೆಗೆ ನಿನ್ನ ಮನೆಯಿಂದ ನಾಲ್ಕು ನಿಮಿಷದ ದಾರಿ.

ನಿನ್ನ ಮಗಳು,
ರೇಲೀನ್


ಮೂಂಟಾ
31 ಮಾರ್ಚ್, ಭಾನುವಾರ

ಪ್ರೀತಿಯ ರೇಲೀನ್,

ಮದುವೆಯಲ್ಲಿ ನಿನ್ನ ಮುಸುಕಿಗೆ ಪಿನ್ನು ಚುಚ್ಚಿದ ಮೇಲೆ ನಿನಗೆ ಬರೆಯುತ್ತಿರುವುದು ಇದೇ ಮೊದಲು. ನಿನ್ನೆ ನಡೆದದ್ದನ್ನು ನಾನು ಹೇಳದಿದ್ದರೆ ನಿಮ್ಮಪ್ಪ ಹೇಳುವ ಪೈಕಿ ಅಲ್ಲ.

ಮಿಸ್ಟರ್ ಲಾಫ್ಟಸ್ ಹನ್ನೊಂದು ಗಂಟೆಗೆ ಬಂದರು. ಚಹಾ ಕೊಟ್ಟೆ. ಕಾರ್ಡು ಓದಿದರು, ಪೊಟ್ಟಣದ ಪಾರದರ್ಶಕ ಕಿಟಕಿಯಿಂದ ಪೆನ್ನಿಯನ್ನು ಒಮ್ಮೆ ನೋಡಿದರು, ಬೇಗ ಬೆಲೆ ಪುಸ್ತಕ ತೆರೆದು ಇಪ್ಪತ್ತೈದರ ಸಾಲಿನ ಮೇಲೆ ಬೆರಳಿಟ್ಟರು. ಐದು ಮುತ್ತಿನ ಕಾಲಂ. "ಪುಸ್ತಕದ ಬೆಲೆ ಪೂರ್ತಿ ಕೊಡ್ತೀನಿ, ಚೌಕಾಸಿ ಮಾಡಲ್ಲ ಮಿಸೆಸ್ ಪೆನ್‌ಬರ್ಥಿ" ಎಂದರು. ಎಷ್ಟು ಒಳ್ಳೆಯವರು ಎಂದುಕೊಂಡೆ.

ಆಗ ಹಿಂಬಾಗಿಲಿನಿಂದ ನಿಮ್ಮಪ್ಪ ಬಂದರು. ಇಸ್ತ್ರಿ ಮಾಡಿದ ಅಂಗಿ, ಚರ್ಚಿನ ಕೋಟು. ಕೂರಲಿಲ್ಲ.

"ಆ ಕಾರ್ಡು ತಪ್ಪು."

ಲಾಫ್ಟಸ್ ನಕ್ಕರು. "ಹೆಡ್ಲಿ ಟ್ರೆವಿನ್ ಕಾರ್ಡು ತಪ್ಪಾಗೋದುಂಟಾ? ತಮಾಷೆ ಮಾಡ್ಬೇಡಿ." ಜೇಬಿನಿಂದ ಕನ್ನಡಿ ತೆಗೆದು ಮೇಜಿನ ಮೇಲೆ ಅವರತ್ತ ತಳ್ಳಿದರು. "ಹಾಗಾದ್ರೆ ಎಷ್ಟು, ನೀವೇ ಹೇಳಿ."

ನಿಮ್ಮಪ್ಪ ಕನ್ನಡಿ ಮುಟ್ಟಲಿಲ್ಲ.  

"ಗೊತ್ತಿಲ್ಲ. ನಂಗೆ ಕಾಣ್ಸಲ್ಲ. ನೋಡ್ತಿರೋ ಜಾಗದಲ್ಲೇ ಒಂದು ಮಬ್ಬು ಕೂತಿರುತ್ತೆ. ಮೂರು ವರ್ಷ ಆಯ್ತು. ಅಷ್ಟು ದಿನ ಎಣಿಸ್ತಾ ಇದ್ದೋಳು ನನ್ ಮಗಳು. ಅವಳಿಗೂ ಗೊತ್ತಿಲ್ಲ, ಪರೀಕ್ಷೆ ಮಾಡ್ತಿದೀನಿ ಅಂದ್ಕೊಂಡಿದ್ಲು." ಆಮೇಲೆ ಎಂದರು, "ಲಾಫ್ಟಸ್, ಪೊಟ್ಟಣ ಬಿಚ್ಚು. ನೀನೇ ಎಣಿಸು. ಐವಿಗೆ ಕೇಳೋ ಹಂಗೆ, ಗಟ್ಟಿಯಾಗಿ."

ಆತ ಬಿಚ್ಚಿದರು. ಒಂದು, ಎರಡು ಎಂದು ಎಣಿಸುತ್ತ ಆರಕ್ಕೆ ನಿಂತು ಗಂಟಲು ಸರಿಮಾಡಿಕೊಂಡರು.

ನಾನು ಕನ್ನಡಕ ಹಾಕಿಕೊಂಡೆ. "ಮುಂದೆ?" ಎಂದೆ.

"ಏಳು. ಎಂಟು."

"ವಜ್ರ?" ನಿಮ್ಮಪ್ಪ ಕೇಳಿದರು.

"ಪೂರ್ತಿ ಇದೆ."

ಪುಸ್ತಕದಲ್ಲಿ ಬೆರಳು ಎಷ್ಟು ದೂರ ಸರಿಯಿತು ಎಂದು ನಿನಗೆ ಹೇಳಬೇಕಾಗಿಲ್ಲ. ನಾನು ಕೊಡಲಿಲ್ಲ. ಮುಂದಿನ ಹರಾಜಿಗೆ ಕಳಿಸುತ್ತೇನೆ ಎಂದೆ. ನಿಮ್ಮಪ್ಪ ಆ ಕಾರ್ಡನ್ನು ನಾಲ್ಕು ಚೂರು ಮಾಡಿ ಕೋಟಿನ ಜೇಬಿಗೆ ಹಾಕಿಕೊಂಡು ಹೊರಟರು. ಮೆಟ್ಟಿಲು ಇಳಿಯುವಾಗ ಕಾಲಿನಿಂದ ತಡವುತ್ತಿದ್ದರು. ಇಷ್ಟು ದಿನ ನನಗೆ ಹೇಗೆ ತಿಳಿಯಲಿಲ್ಲವೋ.

ನಿನ್ನ ಪತ್ರ ತಲುಪಿತೇ ಎಂದು ಎರಡು ಸಲ ಕೇಳಿದರು. ಯಾವ ಪತ್ರ ಎಂದೆ. ನನಗೆ ಯಾವುದೂ ಬಂದಿಲ್ಲ.

ನಿನ್ನ
ಐವಿ ಆಂಟಿ


ವಯಲ್ಲಾ
3 ಏಪ್ರಿಲ್

ಅಪ್ಪ, ನನ್ನ ಅಪ್ಪ,

ಬಸ್ಸಿಗೆ ಟಿಕೆಟ್ ತೆಗೆದಿದ್ದೇವೆ. ಶುಭ ಶುಕ್ರವಾರದ ಹಿಂದಿನ ದಿನ, ಗುರುವಾರ ಸಂಜೆ ನಾಲ್ಕಕ್ಕೆ ಇಳಿಯುತ್ತೇವೆ. ಬರಬೇಡ ಎಂದರೂ ಬರುತ್ತೇವೆ.

ಆದರೆ ಮುಖಾಮುಖಿ ಹೇಳಲು ಧೈರ್ಯ ಇಲ್ಲದ್ದನ್ನು ಇಲ್ಲೇ ಬರೆಯುತ್ತೇನೆ. ಐವಿ ಆಂಟಿಗೆ ಬರೆದ ಪತ್ರವನ್ನು ನಾನು ಅಂಚೆಗೆ ಹಾಕಲಿಲ್ಲ. ಸೋಮವಾರ ಡಾರಿಲ್ ಕೈಗೆ ಕೊಟ್ಟೆ, ಅವನು ಬಾಗಿಲು ದಾಟುವಷ್ಟರಲ್ಲಿ ಓಡಿಹೋಗಿ ಕಿತ್ತುಕೊಂಡೆ. ಬುಧವಾರ ಹೋಯಿತು, ಶುಕ್ರವಾರ ಹೋಯಿತು. ಶನಿವಾರ ಹನ್ನೊಂದು ಗಂಟೆಗೆ ಬಟ್ಟೆ ಒಣಹಾಕುತ್ತ, ಈಗ ಲಾಫ್ಟಸ್ ಬಂದಿರುತ್ತಾನೆ ಎಂದುಕೊಂಡೆ. ಪತ್ರ ನನ್ನ ಏಪ್ರನ್ನಿನ ಜೇಬಿನಲ್ಲೇ ಇತ್ತು. ನಿನ್ನ ಹೆಸರು ಉಳಿಯಲಿ, ಐವಿ ಆಂಟಿ ಕಾರ್ನ್‌ವಾಲ್ ನೋಡದಿದ್ದರೂ ಸರಿ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ನಿನಗೆ ಬೆದರಿಕೆ ಹಾಕಿದವಳು ನಾನು. ಎದ್ದು ಹೋಗಿ ಹೇಳಿದವನು ನೀನು.

ಇನ್ನೊಂದು. ಮೂರು ವರ್ಷ ನೀನು 'ಎಷ್ಟು, ಹುಡುಗೀ?' ಎಂದಾಗಲೆಲ್ಲ ಪರೀಕ್ಷೆ ಎಂದುಕೊಂಡು ಬೆವರುತ್ತ ಎಣಿಸಿದೆ. ನೀನು ಒಂದು ಸಲವೂ ತಪ್ಪು ಎನ್ನದಿದ್ದಾಗ ಪಾಸಾದೆ ಎಂದು ಎಷ್ಟು ಉಬ್ಬಿಹೋಗುತ್ತಿದ್ದೆ ಗೊತ್ತಾ! ಅದನ್ನು ನೆನೆದು ಅತ್ತುಬಿಟ್ಟೆ. ಆಮೇಲೆ ಡಾರಿಲ್ ಒಂದು ಮಾತು ಹೇಳಿದ, ಇಂಥ ಬುದ್ಧಿ ಅವನಿಗೆ ಯಾವಾಗ ಬಂತೋ: "ಅಳ್ತೀಯ ಯಾಕೆ? ನೀನು ಎಣಿಸಿದ್ದು ಅಂದ್ರೆ ಆ ಕಾರ್ಡೆಲ್ಲ ಸರಿಯಾಗೇ ಇದೆ ಅಂತ ಅಲ್ವಾ?"

ಹೌದಲ್ಲ ಅಪ್ಪ! ನೀನು ಕದ್ದು ಬರೆದ ಆ ಷಿಲ್ಲಿಂಗಿನದೊಂದು ಬಿಟ್ಟು, ಮದುವೆಯ ದಿನ ಜನವರಿ 26ರವರೆಗಿನ ಪ್ರತಿ ಕಾರ್ಡಿಗೂ ನಾನು ಜವಾಬ್ದಾರಿ. ಯಾರು ಬೇಕಾದರೂ ಕನ್ನಡಿ ತರಲಿ. ಇನ್ನು ತಪ್ಪಿರುವುದು ನನ್ನ ಮದುವೆಯ ನಂತರ ಬರೆದವು ಮಾತ್ರ. ಅವು ಎಷ್ಟು, ಯಾರ ಮನೆಯವು? ಈಸ್ಟರ್ ರಜೆಯಲ್ಲಿ ಒಂದೊಂದೇ ಮನೆಗೆ ಇಬ್ಬರೂ ಹೋಗೋಣ. ನಾನು ಎಣಿಸುತ್ತೇನೆ. ಮಾತೂ ನಾನೇ ಆಡುತ್ತೇನೆ, ನೀನು ಸುಮ್ಮನೆ ನಿಂತಿರು.

ಸಾವಿರ ಮುತ್ತು,
ರೇ


ಮೂಂಟಾ
8 ಏಪ್ರಿಲ್

ರೇಲೀನ್,

ಇದನ್ನು ಐವಿ ಬರೆಯುತ್ತಿದ್ದಾಳೆ. ನಾನು ಹೇಳಿದಷ್ಟೇ ಬರೆಯಬೇಕು ಎಂದು ಒಪ್ಪಂದ. (ಒಪ್ಪಿಲ್ಲ. ಐವಿ.)

ಹದಿನಾಲ್ಕು ಕಾರ್ಡು. ನೀನು ಬರುವವರೆಗೆ ಕಾಯಲಿಲ್ಲ. ನನ್ನ ಪರವಾಗಿ ನೀನು ಮಾತಾಡುವುದು ಬೇಡ. ಶುಕ್ರವಾರ ಮತ್ತು ಶನಿವಾರ ಹದಿನಾಲ್ಕು ಮನೆಗೂ ನಾನೇ ಹೋದೆ. ಬಾಗಿಲಲ್ಲಿ ನಿಂತು ಹೇಳಿದೆ, ಕಾರ್ಡು ವಾಪಸು ಕೇಳಿದೆ. ಇಲ್ಲಿಯ ನಾಣ್ಯ ಸಂಘಕ್ಕೂ ಹೇಳಿದ್ದೇನೆ, ಇನ್ನು ಮೇಲೆ ಹೆಚ್.ಟಿ. ಕಾರ್ಡು ಇರುವುದಿಲ್ಲ.

ಜಾಬೆಜ್ ರೋ ಬಾಗಿಲು ಮುಖಕ್ಕೆ ಬಡಿದ. ಅವನು ಹೋದ ತಿಂಗಳು ನನ್ನ ಕಾರ್ಡು ನಂಬಿ ಎರಡು ಫ್ಲೋರಿನ್ ನಾಣ್ಯ ಕಡಿಮೆ ಬೆಲೆಗೆ ಮಾರಿ ಕಳೆದುಕೊಂಡಿದ್ದ. ಅವನದು ತಪ್ಪಲ್ಲ. (ಎರಡನೇ ದಿನ ಮತ್ತೆ ಹೋಗಿದ್ದರು. ಮತ್ತೆ ಬಡಿದ. ಐವಿ.)

ಉಳಿದ ಹದಿಮೂರು ಮನೆಯವರು ಕಾರ್ಡಿನ ಜೊತೆ ನಾಣ್ಯವನ್ನೂ ಕೈಗಿಟ್ಟರು. ಮಗಳು ಬರುತ್ತಾಳಲ್ಲ, ನೋಡಲಿ ಎಂದರು. ಒಬ್ಬರೂ ಚೀಟಿ ಬರೆಸಿಕೊಳ್ಳಲಿಲ್ಲ. ತೆಗೆದುಕೊಂಡು ಬಂದೆ. ಅಡುಗೆಮನೆಯ ಮೇಜಿನ ಮೇಲೆ ಇವೆ.

ಪತ್ರ ಅಂಚೆಗೆ ಹಾಕದ ವಿಷಯ. ಇಷ್ಟು ದಿನ ನಿನ್ನ ಪತ್ರಗಳನ್ನು ಕನ್ನಡಿ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದೆ, ಈಗ ಅದೂ ಆಗುತ್ತಿಲ್ಲ. ನಿನ್ನ ಪತ್ರವನ್ನು ಐವಿಯಿಂದಲೇ ಓದಿಸಿಕೊಳ್ಳಬೇಕಾಯಿತು, ಬೇರೆ ದಾರಿ ಇರಲಿಲ್ಲ. ಅವಳು ಓದಿ ಮುಗಿಸಿ ಕಾಗದ ಮಡಚಿಟ್ಟಳು. ಆಮೇಲೆ ಚಹಾ ಮಾಡಿದಳು. ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನೀನೇ ಬಂದು ಅವಳ ಹತ್ತಿರ ಮಾತಾಡು. (ಬಾ. ಐವಿ.)

ಗುರುವಾರ ನಾಲ್ಕಕ್ಕೆ ಬಸ್ಸಿನ ಹತ್ತಿರ ಇರುತ್ತೇನೆ. ರಸ್ತೆ ಕಾಣುತ್ತದೆ, ಬಸ್ಸು ಕಾಣುತ್ತದೆ, ಮುಖ ಕಾಣುವುದಿಲ್ಲ. ಹಬ್ಬದ ಗುಂಪಿನಲ್ಲಿ ಇಳಿಯುವವರಲ್ಲಿ ನೀನು ಯಾರು ಎಂದು ನನಗೆ ತಿಳಿಯುವುದಿಲ್ಲ. ಇಳಿದ ಕೂಡಲೇ ಜೋರಾಗಿ ಕೂಗು.

ಅಪ್ಪ